ದೇವರು ತಾನೇ ಎತ್ತಲಾಗದ ಕಲ್ಲನ್ನು ಮಾಡಬಲ್ಲನೇ?

ಪ್ರಶ್ನೆ (ಬಿಎ ವಿದ್ಯಾರ್ಥಿ, ಸಿಂಧನೂರು): ಸರ್, ನಮಸ್ಕಾರ. ಹಾಸ್ಟೆಲ್‌ನಲ್ಲಿ ವಾದ ಜೋರಾಗಿ ನಡೆದಿದೆ. ದೇವರು ತಾನೇ ಎತ್ತಲಾಗದಷ್ಟು ಭಾರವಾದ ಕಲ್ಲನ್ನು ಸೃಷ್ಟಿಸಬಲ್ಲನೇ? ಸೃಷ್ಟಿಸಿದರೆ ಅದನ್ನು ಎತ್ತಲಾರ, ಸೃಷ್ಟಿಸಲು ಆಗದಿದ್ದರೆ ಅದೂ ಒಂದು ಅಸಾಮರ್ಥ್ಯವೇ. ಆದ್ದರಿಂದ ಸರ್ವಶಕ್ತನಾದ ದೇವರು ಇರುವುದೇ ಸಾಧ್ಯವಿಲ್ಲ ಎನ್ನುತ್ತಾನೆ ನನ್ನ ರೂಮಿನ ಗೆಳೆಯ. ದೇವರು ತರ್ಕಕ್ಕೆ ಸಿಗುವವನಲ್ಲ, ಸುಮ್ಮನಿರು ಎನ್ನುತ್ತಾನೆ ಇನ್ನೊಬ್ಬ. ಯಾರ ಮಾತು ಸರಿ?

ಉತ್ತರ (ತತ್ವಶಾಸ್ತ್ರ ಅಧ್ಯಾಪಕ, ಬಳ್ಳಾರಿ): ತಮ್ಮಾ, ಇಬ್ಬರೂ ಅವಸರ ಮಾಡಿದ್ದಾರೆ. ಈ ಕಲ್ಲಿನ ಪೆಟ್ಟಿಗೆ ಬೀಳುವುದು ದೇವರಲ್ಲ, ‘ಏನು ಬೇಕಾದರೂ ಮಾಡಬಲ್ಲವನು’ ಎಂಬ ಸಡಿಲ ವ್ಯಾಖ್ಯೆ. ಅದನ್ನು ಆಸ್ತಿಕ ಪಂಡಿತರೇ ಎಂದೋ ಕೈಬಿಟ್ಟಿದ್ದಾರೆ. 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಪ್ರಕಾರ, ತನ್ನೊಳಗೇ ವಿರೋಧವಿಲ್ಲದ್ದೆಲ್ಲ ದೇವರ ಶಕ್ತಿಗೆ ಒಳಪಟ್ಟದ್ದು. ವಿರೋಧವಿರುವುದನ್ನು ‘ದೇವರು ಮಾಡಲಾರ’ ಎನ್ನುವುದಕ್ಕಿಂತ ‘ಅದು ಆಗುವಂಥದ್ದಲ್ಲ’ ಎನ್ನುವುದೇ ಮೇಲು ಎಂದು ಅವನು ಬರೆದ. ಹೀಗೆ ಆಡಿದ ಮಾತು ತನ್ನನ್ನೇ ತಾನು ಹೊಡೆಯುವುದನ್ನು ನಮ್ಮ ತರ್ಕಶಾಸ್ತ್ರದಲ್ಲಿ ವದತೋವ್ಯಾಘಾತ ಎನ್ನುತ್ತಾರೆ. ಬಂಜೆ ಹೆತ್ತ ಮಗನನ್ನು ಕರೆದುಕೊಂಡು ಬಾ ಎಂದರೆ ಹೋದವನು ಬರಿಗೈಯಲ್ಲಿ ಬರುತ್ತಾನೆ. ಅದು ಅವನ ಕಾಲಿನ ದೋಷವಲ್ಲ.

1963ರಲ್ಲಿ ಜಾರ್ಜ್ ಮಾವ್ರೋಡಿಸ್ ಎಂಬ ಅಮೆರಿಕದ ತತ್ವಜ್ಞಾನಿ ಇದೇ ಅಸ್ತ್ರವನ್ನು ಕಲ್ಲಿನ ಒಗಟಿನ ಮೇಲೆ ಪ್ರಯೋಗಿಸಿದ. ದೇವರು ಸರ್ವಶಕ್ತ ಎಂದು ಒಪ್ಪಿಕೊಂಡ ಮೇಲೆ ‘ಸರ್ವಶಕ್ತನು ಎತ್ತಲಾಗದ ಕಲ್ಲು’ ಎಂಬುದು ಬಂಜೆಯ ಮಗನ ಸಾಲಿಗೇ ಸೇರುತ್ತದೆ. ಹಾಗಾಗಿ ನಿನ್ನ ಗೆಳೆಯ ಗೆದ್ದೆನೆಂದು ಹಿಗ್ಗುವ ಕಾರಣವಿಲ್ಲ.

ಪ್ರಶ್ನೆ (ಗ್ರಾನೈಟ್ ಕ್ವಾರಿ ಮೇಲ್ವಿಚಾರಕ, ಕುಷ್ಟಗಿ): ಸರ್, ಒಂದು ಅನುಮಾನ. ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರದ ಬ್ಲಾಕನ್ನು ನಮ್ಮ ಹುಡುಗರು ಸಾಲಾಗಿ ಡ್ರಿಲ್ ತೂತು ಹೊಡೆದು ಬಂಡೆಯಿಂದ ಬಿಡಿಸುತ್ತಾರೆ. ಸುಮಾರು 18 ಟನ್ ತೂಕ. ಕ್ರೇನ್ ಬಾರದೆ ಅದು ಕದಲುವುದಿಲ್ಲ. ಅಂದರೆ ನಾವೇ ಎತ್ತಲಾಗದ ಕಲ್ಲನ್ನು ನಾವೇ ಮಾಡುತ್ತೇವೆ, ದಿನವೂ. ಇದರಲ್ಲಿ ಬಂಜೆಯ ಮಗ ಎಲ್ಲಿ ಬಂದ? ನಮ್ಮ ಹುಡುಗರಿಗೆ ಬರುವ ಕೆಲಸ ದೇವರಿಗೆ ಬಾರದೇ?

ಉತ್ತರ: ಅಣ್ಣಾ, ಇದು ಪಳಗಿದ ಕೈಯ ಏಟು. ‘ಮಾಡಿದವನೇ ಎತ್ತಲಾಗದ ಕಲ್ಲು’ ಎಂಬುದರಲ್ಲಿ ವಿರೋಧವಿಲ್ಲ, ನಿಮ್ಮ ಕ್ವಾರಿಯೇ ಅದಕ್ಕೆ ಸಾಕ್ಷಿ. ಮಾವ್ರೋಡಿಸ್‌ನ ಉತ್ತರ ಇಲ್ಲಿಗೆ ಸಾಲದು.

ಲೆಕ್ಕ ಹಾಕೋಣ. ನಿಮ್ಮ ಹುಡುಗ ಬಿಡಿಸಬಲ್ಲ ಕಲ್ಲು 18 ಟನ್, ಎತ್ತಬಲ್ಲದ್ದು 50 ಕಿಲೋ ಎಂದಿಟ್ಟುಕೊಳ್ಳಿ. ಈ ಎರಡರ ನಡುವೆ ಅಂತರವಿರುವುದರಿಂದಲೇ ‘ತಾನು ಎತ್ತಲಾಗದ್ದನ್ನು ಮಾಡುವ’ ಕೆಲಸ ಅವನಿಗೆ ಒದಗಿದೆ. ಅವನ ರಟ್ಟೆಯ ಬಲ ಹೆಚ್ಚಿದಷ್ಟೂ ಆ ಅಂತರ ಕಿರಿದಾಗುತ್ತದೆ. ಇನ್ನು ದೇವರು 18 ಟನ್ ಮಾಡಬಲ್ಲ, ಎತ್ತಬಲ್ಲ. 18 ಲಕ್ಷ ಟನ್ನೂ ಹಾಗೆಯೇ. ಎಷ್ಟು ಭಾರದ ಕಲ್ಲನ್ನು ಹೇಳಿದರೂ ಮಾಡುವುದರಲ್ಲಿ ಕೊರತೆಯಿಲ್ಲ, ಎತ್ತುವುದರಲ್ಲೂ ಇಲ್ಲ. ‘ತಾನು ಎತ್ತಲಾಗದ ಕಲ್ಲನ್ನು ಮಾಡಲಾರ’ ಎಂದರೆ ‘ಮಾಡಿದ ಕಲ್ಲನ್ನೆಲ್ಲ ಎತ್ತಬಲ್ಲ’ ಎಂದಷ್ಟೇ ಆಯಿತು. ಸೋಲಿನ ದನಿಯಲ್ಲಿ ಹೇಳಿದ ಮಾತ್ರಕ್ಕೆ ಗೆಲುವು ಸೋಲಾಗುವುದಿಲ್ಲ. 1967ರಲ್ಲಿ ವೇಡ್ ಸಾವೇಜ್ ಎಂಬ ತತ್ವಜ್ಞಾನಿ ಒಗಟನ್ನು ಹೆಚ್ಚುಕಡಿಮೆ ಈ ದಾರಿಯಲ್ಲೇ ಬಿಡಿಸಿದರು. ನನಗೆ ಹಿಡಿಸಿದ ಉತ್ತರವೂ ಇದೇ.

ಆದರೆ ಇದರಿಂದ ಸರ್ವಶಕ್ತಿಯ ವ್ಯಾಖ್ಯೆ ಸಿದ್ಧವಾಯಿತು ಎಂದುಕೊಳ್ಳಬೇಡಿ. ‘ತನ್ನ ಸ್ವಭಾವಕ್ಕೆ ಸಾಧ್ಯವಾದದ್ದನ್ನೆಲ್ಲ ಮಾಡಬಲ್ಲವನೇ ಸರ್ವಶಕ್ತ’ ಎಂದು ಕೆಲವರು ಸುಲಭದ ದಾರಿ ಹಿಡಿಯುತ್ತಾರೆ. ಹಾಗಾದರೆ ಕಿವಿ ಕೆರೆದುಕೊಳ್ಳುವುದೊಂದೇ ಸ್ವಭಾವವಾಗಿರುವ ಪ್ರಾಣಿಯೂ ಸರ್ವಶಕ್ತವೇ! ಈ ತಕರಾರನ್ನು ಎತ್ತಿದವರಲ್ಲಿ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗ ಒಬ್ಬರು, ಅವರು ಸ್ವತಃ ದೈವಭಕ್ತರು. ತಕರಾರಿಲ್ಲದ ವ್ಯಾಖ್ಯೆಯನ್ನು ನಾನಿನ್ನೂ ಕಂಡಿಲ್ಲ.

ಪ್ರಶ್ನೆ (ಗೃಹಿಣಿ, ಮಾನ್ವಿ): ಸರ್, ನಾವು ಜಗನ್ನಾಥದಾಸರ ಊರಿನವರು. ಹರಿಯದು ಅಚಿಂತ್ಯಶಕ್ತಿ, ಯೋಚನೆಗೆ ನಿಲುಕದ ಶಕ್ತಿ ಎಂದು ಕೇಳುತ್ತಲೇ ಬೆಳೆದಿದ್ದೇವೆ. ಅವನನ್ನು ನಿಮ್ಮ ವದತೋವ್ಯಾಘಾತ ಕಟ್ಟಿಹಾಕುತ್ತದೆಯೇ?

ಉತ್ತರ: ಅಮ್ಮಾ, ಯುರೋಪಿನಲ್ಲೂ ಒಬ್ಬ ಹೀಗೆ ಯೋಚಿಸಿದ್ದ. ರಾಜನು ಕಾನೂನು ಮಾಡುವಂತೆ ಗಣಿತದ ಸತ್ಯಗಳನ್ನೂ ದೇವರೇ ವಿಧಿಸಿದ್ದಾನೆ ಎಂದು ತತ್ವಜ್ಞಾನಿ ಡೇಕಾರ್ಟ್ 1630ರಲ್ಲಿ ಗೆಳೆಯ ಮರ್ಸೆನ್‌ಗೆ ಪತ್ರ ಬರೆದ. ಅದನ್ನು ಒಪ್ಪಿದರೆ ಕಲ್ಲಿನ ಒಗಟು ಒಂದು ತಮಾಷೆ. ದೇವರು ಎತ್ತಲಾಗದ ಕಲ್ಲನ್ನೂ ಮಾಡುತ್ತಾನೆ, ಅದನ್ನು ಎತ್ತಿಯೂ ಬಿಡುತ್ತಾನೆ. ಆದರೆ ಬೆಲೆ ಬಹಳ ದುಬಾರಿ. ವಿರೋಧವೂ ನಿಜವಾಗಬಹುದಾದರೆ, ‘ದೇವರು ದಯಾಮಯ’ ಎಂದಾಗ ‘ಅವನು ದಯಾಮಯನಲ್ಲ’ ಎಂಬುದು ಸುಳ್ಳೆಂದು ಹೇಳುವ ಹಕ್ಕನ್ನು ಭಕ್ತನೂ ಕಳೆದುಕೊಳ್ಳುತ್ತಾನೆ. ಹಾಸ್ಟೆಲ್ಲಿನ ಎರಡನೆಯ ಹುಡುಗನಿಗೆ ನನ್ನ ಉತ್ತರವೂ ಇದೇ.

ನಿಮ್ಮ ಸಂಪ್ರದಾಯ ಅಷ್ಟು ದೂರ ಹೋಗಿದೆ ಎಂದು ನನಗನ್ನಿಸುವುದಿಲ್ಲ. ಅಣುವಿಗಿಂತ ಅಣು, ಮಹತ್ತಿಗಿಂತ ಮಹತ್ತು ಎಂಬಂಥ ಶ್ರುತಿವಾಕ್ಯಗಳು ಹೊಂದುವುದು ಹೇಗೆ ಎಂಬಲ್ಲಿ ಅಚಿಂತ್ಯಶಕ್ತಿಯ ಮಾತು ಬರುತ್ತದೆ. ಬಾಯಿಗೆ ಬಂದದ್ದನ್ನೆಲ್ಲ ದಾಟಿಸುವ ರಹದಾರಿ ಅದಲ್ಲ. ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ. ನಿಮ್ಮ ದಾಸರು ಅನುಸರಿಸಿದ ಮಧ್ವರ ಮತದಲ್ಲಿ ಜೀವರು ಅನಾದಿ, ಜಡಪ್ರಕೃತಿಯೂ ಅನಾದಿ. ಹರಿ ಅವುಗಳನ್ನು ಶೂನ್ಯದಿಂದ ಹುಟ್ಟಿಸಲಿಲ್ಲ. ಅವನೊಬ್ಬ ಸ್ವತಂತ್ರ, ಉಳಿದದ್ದೆಲ್ಲ ಪರತಂತ್ರ. ನ್ಯಾಯದರ್ಶನದವರಾದ ನೈಯಾಯಿಕರ ಈಶ್ವರನೂ ನಿತ್ಯವಾದ ಪರಮಾಣುಗಳನ್ನು ಜೋಡಿಸಿ ಜಗತ್ತನ್ನು ಕಟ್ಟುವವನು. ಏನೂ ಇಲ್ಲದಲ್ಲಿಂದ ಎಲ್ಲವನ್ನೂ ತಂದವನು ಎಂಬ ಲೆಕ್ಕದ ಸರ್ವಶಕ್ತಿ ಯೆಹೂದಿ, ಕ್ರೈಸ್ತ, ಇಸ್ಲಾಂ ಚಿಂತನೆಯಲ್ಲಿ ಬಲವಾಗಿ ಬೆಳೆದದ್ದು. ಅಲ್ಲಿಯ ಒಗಟನ್ನು ತಂದು ಇಲ್ಲಿಯ ದೇವರ ಮುಂದೆ ಇಡುವಾಗ ಇದನ್ನು ನೆನಪಿಡಬೇಕು.

ಪ್ರಶ್ನೆ (ಶಿಕ್ಷಕ, ಕೊಪ್ಪಳ): ನಮ್ಮ ಊರು ಒಂದು ಕಾಲಕ್ಕೆ ಜೈನರ ದೊಡ್ಡ ತೀರ್ಥ. ಅವರು ಏನೆನ್ನುತ್ತಿದ್ದರು?

ಉತ್ತರ: ಸೃಷ್ಟಿಕರ್ತನೇ ಬೇಡ ಎನ್ನುತ್ತಿದ್ದರು. 9ನೇ ಶತಮಾನದ ಜಿನಸೇನಾಚಾರ್ಯರು ಕೇಳಿದ್ದು ಹೀಗೆ: ಅವನು ಪೂರ್ಣನಾದರೆ ಸೃಷ್ಟಿಸುವ ಬಯಕೆ ಏಕೆ ಹುಟ್ಟಿತು? ಅಪೂರ್ಣನಾದರೆ, ಕುಂಬಾರನಿಂದ ಆಗದ ಜಗತ್ತು ಅವನಿಂದ ಹೇಗಾದೀತು? ಕಲ್ಲಿನ ಒಗಟಿಗಿಂತ ಇದು ಹರಿತವಾದದ್ದು.

ಪ್ರಶ್ನೆ (ಔಷಧ ಅಂಗಡಿ, ರಾಯಚೂರು): ಕಲ್ಲು, ಕಿವಿ ಎಲ್ಲ ಸರಿ. 2009ರ ನೆರೆಯಲ್ಲಿ ನಮ್ಮ ಜಿಲ್ಲೆಯ ಹೊಳೆದಂಡೆಯವರು ಮನೆಮಠ ಕಳೆದುಕೊಂಡರು. ಸರ್ವಶಕ್ತನಾಗಿದ್ದರೆ ತಡೆಯಬಹುದಿತ್ತಲ್ಲವೇ?

ಉತ್ತರ: ಕೇಳಬೇಕಾದ ಪ್ರಶ್ನೆ ಇದು. 1955ರಲ್ಲಿ ಜೆ. ಎಲ್. ಮ್ಯಾಕಿ ಎಂಬ ತತ್ವಜ್ಞಾನಿ ಇದನ್ನೇ ಬಿಗಿಯಾಗಿ ಮುಂದಿಟ್ಟರು. ದೇವರು ಸರ್ವಶಕ್ತ, ದೇವರು ಪೂರ್ತಿ ಒಳ್ಳೆಯವನು, ಆದರೂ ಕೇಡು ಇದೆ. ಒಳ್ಳೆಯವನು ಕೈಲಾದಷ್ಟೂ ಕೇಡನ್ನು ಅಳಿಸುತ್ತಾನೆ, ಸರ್ವಶಕ್ತನ ಕೈಗೆ ಮಿತಿಯಿಲ್ಲ ಎಂದಾದರೆ, ಈ ಮೂರೂ ಒಟ್ಟಿಗೆ ನಿಲ್ಲುವುದಿಲ್ಲ.

ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರ ಈ ಆರೋಪವನ್ನು ಎರಡನೆಯ ಅಧ್ಯಾಯದಲ್ಲೇ ಎದುರಿಸಿದೆ. ಈಶ್ವರನಿಗೆ ಪಕ್ಷಪಾತವಿಲ್ಲ, ಕ್ರೌರ್ಯವಿಲ್ಲ, ಅವನು ಜೀವರ ಕರ್ಮವನ್ನು ನೋಡಿ ಫಲ ಕೊಡುತ್ತಾನೆ ಎನ್ನುತ್ತದೆ. ಮಳೆ ಎಲ್ಲ ಹೊಲಕ್ಕೂ ಒಂದೇ, ಬೀಜದಂತೆ ಬೆಳೆ ಎಂದು ಶಂಕರರು ವಿವರಿಸುತ್ತಾರೆ. ಇದರಿಂದ ಕ್ರೌರ್ಯದ ಆರೋಪ ತಗ್ಗುತ್ತದೆ, ಪ್ರಶ್ನೆ ಮಾತ್ರ ಜಾಗ ಬದಲಿಸುತ್ತದೆ. ಕರ್ಮವನ್ನು ಅವನು ಮೀರಲಾರನೇ, ಮೀರಲು ಒಲ್ಲನೇ? ಮೊದಲನೆಯದಾದರೆ ಶಕ್ತಿಗೆ ಮಿತಿ ಬಂತು, ಎರಡನೆಯದಾದರೆ ಕರುಣೆಗೆ.

ಪ್ಲಾಂಟಿಂಗ ಅವರ ಉತ್ತರ ಇಚ್ಛಾಸ್ವಾತಂತ್ರ್ಯದ್ದು. ಸ್ವತಂತ್ರ ಜೀವಿಗಳನ್ನು ಮಾಡಿದ ಮೇಲೆ ಅವು ಒಳ್ಳೆಯದನ್ನೇ ಆರಿಸುವಂತೆ ಬಲವಂತ ಮಾಡಲು ಸರ್ವಶಕ್ತನಿಗೂ ಬಾರದು. ಕೊಲೆ, ಸುಲಿಗೆಗೆ ಇದು ಹೊಂದುತ್ತದೆ. ನೆರೆಗೆ? ಮನುಷ್ಯರಲ್ಲದ ಸ್ವತಂತ್ರ ಜೀವಿಗಳು ಅದಕ್ಕೆ ಕಾರಣವಾಗಿರಬಹುದು ಎನ್ನುತ್ತಾರೆ ಅವರು. ಅವರು ತೋರಿಸಬೇಕಿದ್ದದ್ದು ವಿರೋಧವಿಲ್ಲ ಎಂಬುದನ್ನಷ್ಟೇ, ಅದಕ್ಕೆ ‘ಇರಬಹುದು’ ಸಾಕು. ಆದ್ದರಿಂದ ಸರ್ವಶಕ್ತನಾದ ಒಳ್ಳೆಯ ದೇವರು ತರ್ಕಕ್ಕೆ ಅಸಾಧ್ಯ ಎಂದು ನಾನು ಹೇಳಲಾರೆ. ಆದರೆ ಆ ‘ಇರಬಹುದು’ ನೆರೆ ಬಂದ ಊರಿನಲ್ಲಿ ನಂಬಲರ್ಹವೇ ಎಂದು ಕೇಳಿದರೆ, ನನಗಂತೂ ಅಲ್ಲ.