ರಾಮನವಮಿ ಕಛೇರಿಗೆ ಟಿಕೆಟ್ ಇಡುವುದಾ, ಬೇಡವಾ?

ಪಾತ್ರೆ ಅಂಗಡಿ, ಹಾಸನ:

ನಮ್ಮ ಬೀದಿಯ ರಾಮಮಂದಿರದಲ್ಲಿ ರಾಮನವಮಿಗೆ ಮೂರು ದಿನ ಶಾಸ್ತ್ರೀಯ ಸಂಗೀತ ಕಛೇರಿ. ನಮ್ಮಪ್ಪನ ಕಾಲದಿಂದ ನಡೆದು ಬಂದದ್ದು, ಈಗ ನನ್ನ ತಲೆಗೆ. ನನಗೆ ಹಾಡಲು ಬರುವುದಿಲ್ಲ. ಮೋಹನ, ಹಂಸಧ್ವನಿ ರಾಗಗಳು ಇವತ್ತಿಗೂ ಅದಲು ಬದಲಾಗುತ್ತವೆ. ಆದರೂ ತಂಬೂರಿ ಶ್ರುತಿ ಸೇರಿತು ಅಂದರೆ ಅಂಗಡಿಯ ಉದ್ರಿ ಲೆಕ್ಕವೆಲ್ಲ ಮರೆತುಹೋಗುತ್ತದೆ.

ಈ ಸಲ ಎರಡನೇ ದಿನ ಸುಮ್ನೆ ಎಣಿಸಿದೆ. ವೇದಿಕೆ ಮೇಲೆ ನಾಲ್ಕು ಜನ, ಕೆಳಗೆ 27. ಕೋಸಂಬರಿ ಪಾನಕ ಮುಗಿದ ಕೂಡಲೇ ಒಂಬತ್ತು ಜನ ಎದ್ದರು. ತನಿ, ಅಂದರೆ ಮೃದಂಗ ಒಂಟಿಯಾಗಿ ನುಡಿಸುವ ಭಾಗ, ಶುರುವಾದಾಗ ಇನ್ನೂ ಐದು. ಮೃದಂಗದವರು ಅವರ ಬೆನ್ನು ನೋಡಿಕೊಂಡೇ ನುಡಿಸಿದರು. ನನಗೆ ತಲೆ ಎತ್ತಲು ಆಗಲಿಲ್ಲ.

ಅದೇ ಬೀದಿಯಲ್ಲಿ ಗಣಪತಿಗೆ ಆರ್ಕೆಸ್ಟ್ರಾ ಇಟ್ಟರೆ ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕೆ 60 ಸಾವಿರ ಅಂದರೂ ಯಾರೂ ತಕರಾರು ತೆಗೆಯುವುದಿಲ್ಲ. ಕಛೇರಿಗೆ 12 ಸಾವಿರ ಅಂದರೆ ‘ನಾಲ್ಕು ಜನಕ್ಕೆ ಅಷ್ಟಾ?’ (ಸಿನಿಮಾ ಹಾಡಿನ ಮೇಲೆ ಸಿಟ್ಟಿಲ್ಲ, ನಾನೂ ನಿಂತು ಕೇಳಿದ್ದೇನೆ.)

50 ರೂಪಾಯಿ ಟಿಕೆಟ್ ಇಟ್ಟರೆ ಬಂದವರಾದರೂ ಕೂತು ಕೇಳಿಯಾರು ಅಂತ ನನ್ನ ಲೆಕ್ಕ. ದೇವಸ್ಥಾನದಲ್ಲಿ ಟಿಕೆಟ್ಟಾ ಅಂತ ಮನೆಯಲ್ಲೇ ಬೈಸಿಕೊಂಡೆ. ನೀವೇನಂತೀರಿ?

ಮೃದಂಗ, ಹೊಳೆನರಸೀಪುರ:

ಅಣ್ಣಾ, ಟಿಕೆಟ್ ಆಮೇಲೆ. ಮೈಕ್ ಸೆಟ್ಟಿನವರು ಗಣಪತಿ ಆರ್ಕೆಸ್ಟ್ರಾಗೂ ಅವರೇ ಅಲ್ವಾ? ಅದೇ ಬಾಸು, ಅದೇ ಎಕೋ. ನನ್ನ ಎಡಗೈ ಪೆಟ್ಟು ಗುಡುಗಿದ ಹಾಗೆ ಕೇಳುತ್ತದೆ, ಪಿಟೀಲು ಕೇಳಿಸುವುದೇ ಇಲ್ಲ. ಅದಕ್ಕೆ ಜನ ಎದ್ದರೆ ತಪ್ಪು ಅವರದಲ್ಲ. ಇನ್ನೊಂದು ಮಾತು. ಆರೂವರೆಗೆ ಕಛೇರಿ ಅಂತ ಅಚ್ಚು ಹಾಕಿಸುತ್ತಾರೆ, ಭಾಷಣ ಮುಗಿಯುವಾಗ ಎಂಟು. ಹಾರ, ಶಾಲು, ಫಲಕ ಬಿಡಿ. ಮನೆಯಲ್ಲಿ ಶಾಲು ಒಂದು ಬೀರು ತುಂಬ ಇವೆ. ಆ ದುಡ್ಡನ್ನು ಕವರಿಗೆ ಸೇರಿಸಿದರೆ ಮೃದಂಗದ ಮುಚ್ಚಿಗೆ (ಚರ್ಮದ ಹೊದಿಕೆ) ಬದಲಾಯಿಸುವ ಖರ್ಚಿಗಾಗುತ್ತದೆ.

ಅರಕಲಗೂಡಿನ ಟೀಚರ್:

ರುದ್ರಪಟ್ಟಣ ನಮ್ಮ ತಾಲ್ಲೂಕಿನಲ್ಲೇ ಇದೆ. ದೊಡ್ಡ ಗಾಯಕರು ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಕಾವೇರಿ ದಡದ ಆ ಸಣ್ಣ ಊರಿನಲ್ಲಿ. ಗಾಯಕ ಆರ್.ಕೆ. ಪದ್ಮನಾಭ ಅಲ್ಲಿಯವರೇ, ತಂಬೂರಿ ಆಕಾರದ ಮಂದಿರ ಕಟ್ಟಿಸಿದ್ದಾರೆ. ನಮ್ಮ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಕಟ್ಟಡ ನೋಡಿ ಕುಣಿದರು. ಸಂಗೀತ ಕೇಳಿಸಿದವರು ಯಾರು ಅಂದರೆ, ಯಾರೂ ಇಲ್ಲ!

ಸಂಗೀತ ಪಾಠದ ಮಕ್ಕಳಿಂದ ಹಾಡಿಸಿ ಸಾರ್. ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲ ಬರುತ್ತಾರೆ. ಆದರೆ ಮೊದಲಿಗೆ ಹಾಡಿಸಬೇಡಿ. ಮಗು ಹಾಡಿ ಇಳಿದ ಮೇಲೆ ಇಡೀ ಸಂಸಾರ ಚಪ್ಪಲಿ ಹುಡುಕುತ್ತದೆ, ನಾನು ಕಂಡಿದ್ದೇನೆ. ವಿದ್ವಾಂಸರ ಜೊತೆ ಕೂತು ಕಡೆಯ ಮಂಗಳ ಹಾಡಲಿ.

ತೋಟದವ, ಮೂಡಿಗೆರೆ:

ಟಿಕೆಟ್ ದುಡ್ಡಿನಲ್ಲಿ ಸಂಗೀತ ನಿಂತದ್ದು ಕಡಿಮೆ. ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಶುರುವಾದದ್ದು 1945ರಲ್ಲಿ. (ಇದು ನಮ್ಮ ಗಣಪತಿ ಆರ್ಕೆಸ್ಟ್ರಾ ಅಲ್ಲ, ಪಿಟೀಲೇ ಹತ್ತಾರು ಇರುತ್ತವೆ.) ಅದರ ಬೆನ್ನಿಗೆ ನಿಂತವರಲ್ಲಿ ನಮ್ಮ ಜಯಚಾಮರಾಜ ಒಡೆಯರ್ ಒಬ್ಬರು. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳನ್ನು ಅದೇ ಆರ್ಕೆಸ್ಟ್ರಾ 1950ರ ಮೇ 22ರಂದು ಮೊದಲ ಸಲ ನುಡಿಸಿತು. ಖರ್ಚಿಗೆ ಹೊಣೆ ನಿಂತವರು ಮೈಸೂರಿನ ಮಹಾರಾಜರು. ಅವರು ಅಲ್ಲಿ ಕೂತು ಕೇಳಲಿಲ್ಲ, ಅವರಿಗೋಸ್ಕರ ರೆಕಾರ್ಡ್ ಮಾಡಿದರು.

ನಾನೇನೂ ಮಹಾರಾಜ ಅಲ್ಲ. ಮುಂದಿನ ವರ್ಷ ಪಿಟೀಲಿನವರ ಸಂಭಾವನೆ ನನ್ನದು. ಕಾಫಿ ರೇಟು ಬಿದ್ದರೂ ಸೈ.

ಪಾತ್ರೆ ಅಂಗಡಿ, ಹಾಸನ:

ಟಿಕೆಟ್ ಕೈಬಿಟ್ಟೆ. ಬಾಗಿಲಲ್ಲಿ ಅಂಗಡಿಯ ಹಿತ್ತಾಳೆ ಕೊಳಗ ಇಡುತ್ತೇನೆ, ಮನಸ್ಸು ಬಂದಷ್ಟು ಹಾಕಲಿ. ಶಾಲು ಇಲ್ಲ. ಭಾಷಣ ಐದು ನಿಮಿಷ, ಅದೂ ನನ್ನದಲ್ಲ. ಮಕ್ಕಳ ಮಂಗಳ ಖಂಡಿತ. ಕೋಸಂಬರಿ ಪಾನಕ ಮಂಗಳ ಆದ ಮೇಲೆಯೇ ಅಂತ ಅಡುಗೆಯವರಿಗೆ ಇವತ್ತೇ ಹೇಳಿಬಿಟ್ಟೆ.