ಹುಳಿಯನ್ನದ ಡಬ್ಬಿ ಎಲ್ಲಿ ಕೂರಬೇಕು?

ಗೇರ್ ಸೈಕಲ್ ಮಾರುವವರು 21 ಗೇರ್ ತೋರಿಸುತ್ತಾರೆ, ಡಿಸ್ಕ್ ಬ್ರೇಕ್ ತೋರಿಸುತ್ತಾರೆ, ಮುಂದಿನ ಶಾಕ್ ಅಬ್ಸಾರ್ಬರನ್ನು ಒತ್ತಿ ಒತ್ತಿ ತೋರಿಸುತ್ತಾರೆ. ಊಟದ ಡಬ್ಬಿ ಎಲ್ಲಿಡೋದು ಅಂತ ಕೇಳಿ, ನಮ್ಮನ್ನೇ ಮಿಕಿಮಿಕಿ ನೋಡುತ್ತಾರೆ. ಕ್ಯಾರಿಯರ್ ಇಲ್ಲ. ಮಡ್‌ಗಾರ್ಡ್ ಇಲ್ಲ. ಸ್ಟ್ಯಾಂಡ್ ಬೇಕಾದರೆ ಅದಕ್ಕೆ ಬೇರೆ ದುಡ್ಡು.

ನಮ್ಮ ಪ್ರಕಾಶ ಅಂಥದ್ದೊಂದನ್ನು ತಂದ. ಬನಶಂಕರಿಯ ಮನೆಯಿಂದ ಬೆಳ್ಳಂದೂರಿನ ಆಫೀಸಿಗೆ ಹತ್ತಿರ ಹತ್ತಿರ 15 ಕಿಲೋಮೀಟರ್. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕಾರಿನವರೆಲ್ಲ ಎಂಜಿನ್ ಆಫ್ ಮಾಡಿ ಕೂತಿರುವಾಗ ಇವನು ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತಾನಂತೆ. ಅದನ್ನು ಹೇಳುವಾಗ ಅವನ ಮುಖ ನೋಡಬೇಕು. ಬೆನ್ನು ಮಾತ್ರ ನೋಡಬಾರದು. ಬ್ಯಾಗಿನ ಆಕಾರದಲ್ಲೇ ಅಂಗಿ ಒದ್ದೆ.

"ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ತಂಪು ಊರು ಅಂತಾರಲ್ಲ. ನನ್ನ ಬೆನ್ನಿಗೆ ಆ ವಿಷಯ ಯಾರೂ ಹೇಳಿಲ್ಲ" ಅಂದ ಪ್ರಕಾಶ. ಭಾನುವಾರ ಬೆಳಗ್ಗೆ ಗಾಂಧಿ ಬಜಾರಿನಲ್ಲಿ ಬೈಟು ಕಾಫಿ ಹಿಡಿದು ನಿಂತಿದ್ದೆವು. ನಾನು, ಪ್ರಕಾಶ, ಬ್ಯಾಂಕಿನ ಗೀತಕ್ಕ, ರಿಟೈರ್ ಆದ ಮೂರ್ತಿ ಮೇಷ್ಟ್ರು.

"ಬ್ಯಾಗಲ್ಲಿ ಏನೇನಿದೆ, ತೆಗಿ ನೋಡೋಣ" ಅಂದರು ಮೇಷ್ಟ್ರು.

ತೆಗೆದ. ಲ್ಯಾಪ್‌ಟಾಪ್, ಅದರ ಚಾರ್ಜರ್, ಬದಲಿ ಬಟ್ಟೆ, ಟವೆಲ್, ಶೂ, ಬೀಗ, ಪಂಪು, ಒಂದು ಟ್ಯೂಬು. ಇಲ್ಲಿಯವರೆಗೆ ಸರಿ. ಆಮೇಲೆ ಒಂದು ಛತ್ರಿ ಬಂತು.

"ಸೈಕಲ್ ಮೇಲೆ ಛತ್ರಿ ಯಾಕೋ?"

"ಮಳೆ ಬಂದ್ರೆ?"

"ಒಂದು ಕೈಲಿ ಛತ್ರಿ, ಒಂದು ಕೈಲಿ ಹ್ಯಾಂಡಲ್. ಬ್ರೇಕ್ ಹಿಡಿಯೋಕೆ ನಿಮ್ಮ ಮ್ಯಾನೇಜರ್ ಬರ್ತಾರಾ?"

ತಳದಲ್ಲಿ ಹೆಂಡತಿಯ ಬ್ಲೌಸ್ ಪೀಸ್ ಇತ್ತು, ದಾರಿಯಲ್ಲಿ ಟೈಲರ್‌ಗೆ ಕೊಡಬೇಕಂತೆ. ಅದರ ಮೇಲೆ ಹಳದಿ ನಕ್ಷೆಯೊಂದು ಮೂಡಿತ್ತು. ಶುಕ್ರವಾರದ ಹುಳಿ. ಟೈಲರ್ ಅದನ್ನು ಡಿಸೈನ್ ಅಂದುಕೊಳ್ಳಬಹುದು ಅಂತ ನಾನು ಸಮಾಧಾನ ಹೇಳಿದೆ. ಪಕ್ಕದ ದಿನಸಿ ಅಂಗಡಿಯವರನ್ನು ಕೇಳಿಕೊಂಡು ಬ್ಯಾಗನ್ನು ತೂಕಕ್ಕೆ ಇಟ್ಟೆವು. ಎಂಟು ಕೆ.ಜಿ. ಮೇಲೆ. "ಅಕ್ಕಿನಾ ಸಾರ್?" ಅಂದರು ಅವರು.

ಗೀತಕ್ಕನ ಮತ ಬುಟ್ಟಿಗೆ. ಲೇಡೀಸ್ ಸೈಕಲ್, ಮುಂದೆ ತಂತಿ ಬುಟ್ಟಿ, ಜಯನಗರದವರೆಗೆ ಓಡಾಟ. "ಎಲ್ಲ ಕಣ್ಣೆದುರಿಗೇ ಇರುತ್ತೆ. ಕಟ್ಟೋದಿಲ್ಲ, ಬಿಚ್ಚೋದಿಲ್ಲ. ವಾಪಸ್ ಬರ್ತಾ ಸೊಪ್ಪು ತಗೊಂಡ್ರೆ ಎಸೆದ್ರಾಯ್ತು."

"ಹಂಪ್ ಬಂದ್ರೆ?"

"ಹಂಪ್ ಬಂದ್ರೆ ಟೊಮೇಟೊ ಹಾರುತ್ತೆ. ಮೇಲೊಂದು ಬಲೆ ಹಾಕ್ಬೇಕು. ಹ್ಞೂಂ, ಇನ್ನೊಂದು. ಬುಟ್ಟಿ ಹ್ಯಾಂಡಲ್‌ಗೆ ಅಂಟಿಕೊಂಡಿರುತ್ತಲ್ಲ, ಭಾರ ಹಾಕಿದಷ್ಟೂ ಹ್ಯಾಂಡಲ್ ತಿರುಗೋದು ಕಷ್ಟ. ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ರೆ ಮುಂದಿನ ಚಕ್ರ ತಾನೇ ತಿರುಗಿ ಸೈಕಲ್ ಅಡ್ಡ ಬೀಳುತ್ತೆ. ಎರಡು ಕೆ.ಜಿ.ವರೆಗೆ ಪರವಾಗಿಲ್ಲ."

ಪ್ರಕಾಶನದು ಎಂಟು. ಬುಟ್ಟಿ ಅಲ್ಲಿಗೇ ಔಟ್.

"ಡಬ್ಬಿ ಒಂದನ್ನ ಬಟ್ಟೆ ಚೀಲದಲ್ಲಿ ಹಾಕಿ ಹ್ಯಾಂಡಲ್‌ಗೆ ನೇತುಹಾಕಿದ್ರೆ?" ಅಂದ ಪ್ರಕಾಶ. ಇದಕ್ಕೆ ಮೂವರೂ ಒಟ್ಟಿಗೆ ಬೈದೆವು. ಚೀಲ ಓಲಾಡುತ್ತದೆ. ಓಲಾಡಿದ್ದು ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿದರೆ ಚಕ್ರ ಗಕ್ಕನೆ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ, ಹ್ಯಾಂಡಲ್ ದಾಟಿ ಮುಂದಕ್ಕೆ ಹೋಗುತ್ತಾನೆ. ಹರಟೆಯಲ್ಲೂ ತಮಾಷೆ ಮಾಡಬಾರದ ಮಾತು ಇದೊಂದೇ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅವರ ಹತ್ತಿರ ಈಗಲೂ ಹಳೇ ಕಪ್ಪು ಸೈಕಲ್ ಇದೆ. ಕ್ಯಾರಿಯರ್ ಹುಟ್ಟಿನಿಂದಲೇ ಬಂದದ್ದು, ಮೇಲೆ ಸ್ಪ್ರಿಂಗ್ ಕ್ಲಿಪ್. ಎಷ್ಟೋ ವರ್ಷ ಮಕ್ಕಳ ಉತ್ತರ ಪತ್ರಿಕೆಗಳನ್ನು ಕಚ್ಚಿಕೊಂಡು ಓಡಾಡಿದ ಕ್ಲಿಪ್ಪು. "ಪಂಕ್ಚರ್ ಅಂಗಡಿಗೆ ಹೋಗಿ ಹಳೇ ಟ್ಯೂಬ್ ಕೇಳು. ಉದ್ದಕ್ಕೆ ಸೀಳಿ ಕಟ್ಟಿದ್ರೆ ಅಕ್ಕಿ ಮೂಟೆನೂ ಅಲ್ಲಾಡಲ್ಲ. ನಿಮ್ಮ ಕೊಕ್ಕೆ ಇರೋ ರಬ್ಬರ್ ಹಗ್ಗ ಬೇಡ. ಕೈ ಜಾರಿದ್ರೆ ಕೊಕ್ಕೆ ನೇರ ಕಣ್ಣಿಗೇ ಬರೋದು. ಮುಂಬೈ ಡಬ್ಬಾವಾಲಾಗಳನ್ನ ನೋಡಿಲ್ವಾ? ಊರಿಗೆಲ್ಲ ಊಟ ಹಂಚ್ತಾರೆ. ಹ್ಯಾಂಡಲ್ ತುಂಬ ಡಬ್ಬಿ, ಕ್ಯಾರಿಯರ್ ತುಂಬ ಡಬ್ಬಿ."

"ಈಗ ತಾನೇ ಹ್ಯಾಂಡಲ್‌ಗೆ ಬೇಡ ಅಂದ್ರಿ, ಸಾರ್!"

"ಅವರಿಗೆ ಅದೇ ಕಸುಬು ಕಣೋ. ನಿನಗೆ ಡಬ್ಬಿ ಮುಚ್ಚಳ ಹಾಕೋಕೇ ಬರಲ್ಲ."

ನನ್ನ ಓಟು ಪ್ಯಾನಿಯರ್‌ಗೆ. ಕ್ಯಾರಿಯರ್‌ನ ಪಕ್ಕಕ್ಕೆ ಕೊಕ್ಕೆಯಲ್ಲಿ ನೇತಾಡುವ ಚೀಲ. ಭಾರ ಕೆಳಗಿರುತ್ತದೆ, ಸೈಕಲ್ ತೂಗಾಡುವುದಿಲ್ಲ, ಬೆನ್ನಿಗೆ ಗಾಳಿ. ಆಫೀಸ್ ತಲುಪಿದ ಮೇಲೆ ಕಳಚಿ ಕೈಯಲ್ಲಿ ಹಿಡಿದು ಒಳಗೆ ಹೋಗಬಹುದು. ಮೇಷ್ಟ್ರಿಗೆ ಇದು ಅರ್ಥವಾಗಲಿಲ್ಲ.

"ಕತ್ತೆಗೆ ಎರಡೂ ಕಡೆ ಮೂಟೆ ಇಳಿಬಿಡ್ತಿದ್ರಲ್ಲ ಸಾರ್, ಹಾಗೆ."

"ಹಾಗಾದ್ರೆ ಸೈಕಲ್ಲೇ ಕತ್ತೆನಾ?" ಅಂದ ಪ್ರಕಾಶ.

"ಸದ್ಯಕ್ಕೆ ಮೂಟೆ ನಿನ್ನ ಬೆನ್ನ ಮೇಲೇ ಇದೆಯಲ್ಲಪ್ಪ" ಅಂದರು ಗೀತಕ್ಕ.

ಪ್ಯಾನಿಯರ್‌ನಲ್ಲೂ ತಕರಾರು ಇಲ್ಲದಿಲ್ಲ. ಚೀಲ ತುಂಬ ಮುಂದಕ್ಕಿದ್ದರೆ ಪೆಡಲ್ ತುಳಿದಾಗೆಲ್ಲ ಹಿಮ್ಮಡಿ ಬಡಿಯುತ್ತದೆ. ಸ್ವಲ್ಪ ಹಿಂದಕ್ಕೆ ಸರಿಸಿ ಸಿಕ್ಕಿಸಬೇಕು. ಕೆಳಗಿನ ಕೊಕ್ಕೆ ಸರಿಯಾಗಿ ಕೂರದಿದ್ದರೆ ಹಂಪ್ ಹಾರಿದಾಗ ಚೀಲವೂ ಹಾರುತ್ತದೆ. ಲ್ಯಾಪ್‌ಟಾಪನ್ನು ಸ್ಪಂಜಿನ ಕವರ್‌ನಲ್ಲಿ ಹಾಕಿ ನಿಲ್ಲಿಸಿ ಇಡಬೇಕು, ತಳದಲ್ಲಿ ಟವೆಲ್. ನಮ್ಮ ಗುಂಡಿಗಳಿಗೆ ಅಷ್ಟಾದರೂ ಮರ್ಯಾದೆ ಕೊಡಬೇಕಲ್ವಾ. ಮಳೆಗಾಲಕ್ಕೆ ಬಾಯಿ ಸುತ್ತಿ ಸುತ್ತಿ ಮುಚ್ಚುವಂಥ ಚೀಲ ಒಳ್ಳೆಯದು. ಜಿಪ್ ಇದ್ದರೆ ನೀರು ಅಲ್ಲಿಂದಲೇ ಒಳಗೆ. ಜಾಸ್ತಿ ದುಡ್ಡು ಅನ್ನಿಸಿದರೆ ಒಳಗೊಂದು ದಪ್ಪ ಪ್ಲಾಸ್ಟಿಕ್ ಕವರ್ ಸಾಕು.

"ಎಲ್ಲ ಸರಿ, ಇವನ ಸೈಕಲ್‌ಗೆ ಕ್ಯಾರಿಯರ್ ಎಲ್ಲಿ ಕೂರುತ್ತೆ?" ಅಂದರು ಮೇಷ್ಟ್ರು. ಮೇಷ್ಟ್ರ ಬುದ್ಧಿಯೇ ಬುದ್ಧಿ. ಸೈಕಲ್ಲನ್ನೇ ತಲೆಕೆಳಗು ಮಾಡಿ ಪರೀಕ್ಷೆ ಮಾಡಿದೆವು, ಕಾಫಿ ಕುಡಿಯುವವರೆಲ್ಲ ಸುತ್ತ ನಿಂತರು. ಹಿಂದಿನ ಚಕ್ರದ ಹತ್ತಿರ ಬೋಲ್ಟ್ ಹಾಕುವ ತೂತು ಇತ್ತು. ಬದುಕಿದೆವು. ಫ್ರೇಮಿಗೇ ಬೋಲ್ಟ್ ಬೀಳುವ ಕ್ಯಾರಿಯರ್ ಮೇಲೆ ಸಾಮಾನ್ಯವಾಗಿ 25 ಕೆ.ಜಿ. ಅಂತ ಬರೆದಿರುತ್ತದೆ. ಸೀಟಿನ ಕಂಬಕ್ಕೆ ಕಚ್ಚಿಸುವ ಥರದ್ದು ಅದರ ಅರ್ಧವನ್ನೂ ತಡೆಯುವುದಿಲ್ಲ, ಭಾರಕ್ಕೆ ಪಕ್ಕಕ್ಕೆ ತಿರುಗಿಕೊಳ್ಳುತ್ತದೆ. ಡಿಸ್ಕ್ ಬ್ರೇಕ್ ಇರುವುದರಿಂದ ಅದಕ್ಕೆ ಹೊಂದುವ, ಕಾಲು ಅಗಲವಾಗಿರುವ ಕ್ಯಾರಿಯರೇ ಬೇಕು.

ಕ್ಯಾರಿಯರ್ ಬಂತು. ಚೀಲ ಸದ್ಯಕ್ಕೆ ಒಂದೇ ಸಾಕು ಅಂದ. ಛತ್ರಿ ಮನೆಗೆ ಹೋಯಿತು, ಶೂ ಆಫೀಸಿನ ಡ್ರಾಯರ್‌ಗೆ. ಈಗ ಹೊಸ ಜಗಳ, ಒಂದೇ ಚೀಲವನ್ನು ಯಾವ ಕಡೆ ಹಾಕುವುದು?

ಎಡಕ್ಕೆ ಅನ್ನುತ್ತೇನೆ ನಾನು. ನಮ್ಮಲ್ಲಿ ಗಾಡಿಗಳು ಬಲಗಡೆಯಿಂದ ಉಜ್ಜಿಕೊಂಡು ಹೋಗುತ್ತವೆ, ಗೇರ್‌ನ ಚೈನೂ ಬಲಕ್ಕೇ ಇದೆ. ಎಡಕ್ಕೆ ಹಾಕಿದರೆ ಹತ್ತುವಾಗ ಇಳಿಯುವಾಗ ಕಾಲಿಗೆ ಅಡ್ಡ ಅನ್ನುತ್ತಾರೆ ಗೀತಕ್ಕ. ಬಲಕ್ಕೆ ಹಾಕಿದರೆ ಸೈಡ್ ಸ್ಟ್ಯಾಂಡಿನಲ್ಲಿ ನಿಂತ ಸೈಕಲ್ ಆ ಕಡೆಗೆ ಮಗುಚುತ್ತದೆ ಅನ್ನುತ್ತಾನೆ ಪ್ರಕಾಶ, ಅನುಭವಸ್ಥನ ಹಾಗೆ. ಮೇಷ್ಟ್ರು ಮಾತ್ರ ಎರಡನೇ ಚೀಲ ಕೊಂಡುಬಿಡು ಅಂದರು.

"ಅದರಲ್ಲಿ ಏನು ಹಾಕ್ಲಿ ಸಾರ್?"

"ನನ್ನ ರಾಗಿ. ಹೇಗೂ ಫ್ಲೋರ್ ಮಿಲ್ ನಿನ್ನ ದಾರೀಲೇ ಇದೆ."