ಸಹಾಯ ಬೇಕು: ತಮ್ಮನ ರೆಸಾರ್ಟ್ ಕೆಲಸ, ಓಟಿ ದುಡ್ಡು, ಮಾರ್ಕ್ಸ್ ಕಾರ್ಡ್

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಮಡಿಕೇರಿ ಹತ್ತಿರದ ಒಂದು ರೆಸಾರ್ಟಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಾನೆ. ದಸರಾ, ಕ್ರಿಸ್‌ಮಸ್ ರಜೆ ಬಂತೆಂದರೆ ಬೆಳಿಗ್ಗೆ ಹೋದವನು ರಾತ್ರಿಯೇ ವಾಪಸ್. ವಾರದ ರಜೆಯೂ ಇಲ್ಲ. ಓಟಿ ಕೇಳಿದರೆ ‘ಟಿಪ್ಸ್ ಬರುತ್ತಲ್ಲ’ ಅನ್ನುತ್ತಾರೆ. ಟಿಪ್ಸ್ ಕೊಡುವವರು ಗೆಸ್ಟುಗಳು, ಇವರಲ್ಲ, ಅಲ್ವಾ? ಮಳೆಗಾಲದಲ್ಲಿ ರೂಮು ಖಾಲಿ ಇದ್ದರೆ ಸಂಬಳ ಇಲ್ಲದೆ ಮನೆಗೆ ಕಳಿಸುತ್ತಾರೆ.

ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ ಇದೆ. ಅದಕ್ಕಿಂತ ಜಾಸ್ತಿ ದುಡಿಸಿದರೆ ಎರಡು ಪಟ್ಟು ಕೂಲಿ ಕೊಡಬೇಕು. ಇದನ್ನು ತೋರಿಸಿದರೆ ಮ್ಯಾನೇಜರ್ ಸುಮ್ನೆ ನಗುತ್ತಾರೆ.

ನನಗೆ ಜಾಸ್ತಿ ಚಿಂತೆ ಬೇರೆ. ಸೇರುವಾಗ ಅವನ ಒರಿಜಿನಲ್ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದಾರೆ. ಕೆಲಸ ಬಿಡೋಣ ಅಂದರೆ ಅದೇ ಅಡ್ಡಿ. ಅಪಾಯಿಂಟ್‌ಮೆಂಟ್ ಲೆಟರ್ ಕೊಟ್ಟಿಲ್ಲ, ಸಂಬಳ ಅರ್ಧ ಕ್ಯಾಶ್. ಡ್ಯೂಟಿ ಚಾರ್ಟಿನ ಫೋಟೋ, ವಾಟ್ಸಾಪ್ ಮೆಸೇಜು ಮಾತ್ರ ಇವೆ.

ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಯಾರಾದರೂ ಇಂಥ ದೂರು ಕೊಟ್ಟಿದ್ದೀರಾ? ಇಷ್ಟು ದಾಖಲೆ ಸಾಕಾ? ಮಾರ್ಕ್ಸ್ ಕಾರ್ಡಿಗೆ ಪೊಲೀಸರ ಹತ್ತಿರ ಹೋಗಬೇಕಾ, ಮೊದಲು ವಕೀಲರಿಂದ ನೋಟಿಸ್ ಕಳಿಸಬೇಕಾ? ಕುಶಾಲನಗರ, ವಿರಾಜಪೇಟೆ ಕಡೆಯ ವಕೀಲರು ಗೊತ್ತಿದ್ದರೂ ತಿಳಿಸಿ. ರೆಸಾರ್ಟ್ ಹೆಸರು ಮಾತ್ರ ಕೇಳಬೇಡಿ, ಅವನು ಇನ್ನೂ ಅಲ್ಲೇ ಇದ್ದಾನೆ.